ಕನ್ನಡದಲ್ಲಿ ಕೇಳಿಸಿಕೊಂಡ ವಿದ್ಯೆ: ನೈಮಿಷಂ ಆವರಣದ ಅರವತ್ತು ವರ್ಷ

ಮೈಸೂರಿನಲ್ಲಿ ಆಟೊ ಹತ್ತಿ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು, ಮಾನಸಗಂಗೋತ್ರಿಯ ನೈಮಿಷಂ ಆವರಣದ ಗೇಟಿನ ಮುಂದೆ ಇಳಿಸುತ್ತಾರೆ. ಸರ್ಕಾರಿ ಕಾಗದದಲ್ಲಿ ಅದು ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಪತ್ರಿಕೆಗಳ ತಲೆಬರಹದಲ್ಲಿ ಆಯಿಷ್. ಬೆಳಗಿನ ಹೊತ್ತು ಆ ಗೇಟಿನಲ್ಲಿ ಎರಡು ಬಗೆಯ ಜನ ಒಳಗೆ ಹೋಗುವುದು ಕಾಣುತ್ತದೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಆಸ್ಪತ್ರೆ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದ ತಂದೆತಾಯಿಗಳು ಒಂದು ಕಡೆ. ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡ ವಿದ್ಯಾರ್ಥಿಗಳು ಇನ್ನೊಂದು ಕಡೆ. ಆ ವಿದ್ಯಾರ್ಥಿಗಳಲ್ಲಿ ಕೇರಳದವರಿದ್ದಾರೆ, ಬಂಗಾಳದವರಿದ್ದಾರೆ, ಮಂಡ್ಯದವರಿದ್ದಾರೆ. ಸಂಸ್ಥೆಯೊಂದರ ಚರಿತ್ರೆ ಎಂದರೆ ಕಟ್ಟಡಗಳು, ನಿರ್ದೇಶಕರು, ಅನುದಾನಗಳ ಪಟ್ಟಿ ಕೊಟ್ಟು ಮುಗಿಸಬಹುದು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ: ಹೊರದೇಶದಲ್ಲಿ ಹುಟ್ಟಿದ ಒಂದು ಆರೋಗ್ಯವಿದ್ಯೆ ಮೈಸೂರು ವಿಶ್ವವಿದ್ಯಾನಿಲಯದ ಪದವಿಯಾಗಿ, ಇಲ್ಲಿಯ ರೋಗಿಯ ಕಿವಿಗೂ ನಾಲಗೆಗೂ ಒಗ್ಗುವ ಹಾಗೆ ಹೇಗೆ ಕನ್ನಡದಲ್ಲಿ ಬೇರು ಬಿಟ್ಟಿತು ಎಂಬುದು.

1960ರ ದಶಕದ ಆರಂಭದ ಸ್ಥಿತಿಯನ್ನು ನೆನೆದರೆ ಈ ಕೆಲಸದ ದೊಡ್ಡಸ್ತಿಕೆ ತಿಳಿಯುತ್ತದೆ. ಕಿವಿ, ಮೂಗು, ಗಂಟಲಿನ ವೈದ್ಯರು ಆಗ ದೇಶದಲ್ಲಿದ್ದರು. ಕಿವುಡ ಮಕ್ಕಳ ಶಾಲೆಗಳೂ 19ನೇ ಶತಮಾನದಿಂದಲೇ ಇದ್ದವು. ನಡುವಿನ ಜಾಗ ಮಾತ್ರ ಬರಿದಾಗಿತ್ತು. ಮಗುವಿಗೆ ಎಷ್ಟು ಕೇಳಿಸುತ್ತದೆ, ಯಾವ ಕಂಪನದ ಶಬ್ದ ಕೇಳಿಸುವುದಿಲ್ಲ, ಯಾವ ಯಂತ್ರ ಹಾಕಿದರೆ ಎಷ್ಟು ಪ್ರಯೋಜನವಾದೀತು ಎಂದು ಅಳೆದು ಹೇಳುವವರು ಇರಲಿಲ್ಲ. ಲಕ್ವ ಹೊಡೆದು ಮಾತು ನಿಂತ ಹಿರಿಯರನ್ನು ಮತ್ತೆ ಮಾತಿಗೆ ಎಳೆಯುವವರು, ತೊದಲುವ ಹುಡುಗನ ಎದುರು ಕೂತು ತಿಂಗಳುಗಟ್ಟಲೆ ಕೆಲಸ ಮಾಡುವವರು ಇರಲಿಲ್ಲ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದಿಂದ ಕಿವಿ ಕೆಡಿಸಿಕೊಂಡು ಮರಳಿದ ಸೈನಿಕರ ಆರೈಕೆಯೊಂದಿಗೆ ಆಡಿಯಾಲಜಿ ಒಂದು ಪ್ರತ್ಯೇಕ ವೃತ್ತಿಯಾಗಿ ನೆಲೆಯೂರಿತ್ತು. ವಾಕ್ ಚಿಕಿತ್ಸೆಗೆ ಅದಕ್ಕಿಂತ ಹಳೆಯ ಇತಿಹಾಸವಿತ್ತು. ನಮ್ಮಲ್ಲಿ ಮುಂಬಯಿಯ ನಾಯರ್ ಆಸ್ಪತ್ರೆಯಂಥ ಒಂದೆರಡು ಕಡೆ ಆಗಷ್ಟೇ ಚಿಗುರೊಡೆಯುತ್ತಿತ್ತು.

1965ರ ಆಗಸ್ಟ್ 9ರಂದು ಕೇಂದ್ರ ಸರ್ಕಾರ ಮೈಸೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಲೋಗೋಪೆಡಿಕ್ಸ್ ಎಂಬ ಹೆಸರಿನಲ್ಲಿ ಈ ಸಂಸ್ಥೆಯನ್ನು ಆರಂಭಿಸಿತು. ಲೋಗೋಪೆಡಿಕ್ಸ್, ಅಂದರೆ ವಾಕ್ ದೋಷಗಳ ಚಿಕಿತ್ಸಾವಿದ್ಯೆ, ಎಂಬ ಹೆಸರು ಬಹಳ ದಿನ ನಿಲ್ಲಲಿಲ್ಲ. 1966ರ ಅಕ್ಟೋಬರ್ 10ರಂದು ಸಂಸ್ಥೆ ಆರೋಗ್ಯ ಸಚಿವಾಲಯದ ಅಧೀನದಲ್ಲಿ ಸ್ವಾಯತ್ತವಾಯಿತು. ನೆಲ ಕೊಟ್ಟವರು ಜಯಚಾಮರಾಜ ಒಡೆಯರು. 1966ರ ಜುಲೈ 25ರಂದು ಶಂಕುಸ್ಥಾಪನೆ ಮಾಡಿದವರು ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್. 1918ರಿಂದ 1921ರವರೆಗೆ ಇದೇ ಊರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದ್ದ, ಕೋಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳೇ ಗಾಡಿ ಎಳೆದು ಬೀಳ್ಕೊಟ್ಟಿದ್ದ ಮೇಷ್ಟ್ರು ಅವರು. ಅವರು ಕಲ್ಲು ಇಟ್ಟ ದಿನಕ್ಕೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಐವತ್ತು ತುಂಬಲು ಎರಡೇ ದಿನ ಬಾಕಿ ಇತ್ತು.

ವಿಶ್ವವಿದ್ಯಾನಿಲಯದ ಪಾತ್ರವನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ ಎಂಬುದು ನನ್ನ ಅನಿಸಿಕೆ. ಸಂಸ್ಥೆ ಕೇಂದ್ರ ಸರ್ಕಾರದ್ದು, ಸಂಬಳ ಆರೋಗ್ಯ ಸಚಿವಾಲಯದ್ದು. ಪದವಿ ಮಾತ್ರ ಮೈಸೂರು ವಿಶ್ವವಿದ್ಯಾನಿಲಯದ್ದು. 1966ರಲ್ಲಿ ವಿಶ್ವವಿದ್ಯಾನಿಲಯವು ಸ್ಪೀಚ್ ಅಂಡ್ ಹಿಯರಿಂಗ್ ಎಂಬ ವಿಷಯದಲ್ಲಿ ಎಂ.ಎಸ್ಸಿ. ಪದವಿಗೆ ಒಪ್ಪಿಗೆ ಕೊಟ್ಟಿತು. 1968ರಲ್ಲಿ ಬಿ.ಎಸ್ಸಿ. ಬಂತು. ಮೊದಲು ಸ್ನಾತಕೋತ್ತರ, ಆಮೇಲೆ ಸ್ನಾತಕ. ಈ ಕ್ರಮ ಮೇಲ್ನೋಟಕ್ಕೆ ತಲೆಕೆಳಗಾಗಿ ಕಂಡರೂ ಅದರಲ್ಲಿ ಅರ್ಥವಿತ್ತು. ಬಿ.ಎಸ್ಸಿ.ಗೆ ಪಾಠ ಹೇಳಲು ಮೇಷ್ಟ್ರುಗಳು ಬೇಕು, ಆ ಮೇಷ್ಟ್ರುಗಳನ್ನು ಎಂ.ಎಸ್ಸಿ.ಯೇ ತಯಾರು ಮಾಡಬೇಕು. ಡಾ. ಕೆ.ಎಲ್. ಶ್ರೀಮಾಲಿ ಅವರು ಆಗ ಕುಲಪತಿಗಳು. ಅದಕ್ಕೆ ಮುಂಚೆ ಕೇಂದ್ರದಲ್ಲಿ ಶಿಕ್ಷಣ ಸಚಿವರಾಗಿದ್ದವರು. ಪಾಠ ಹೇಳಬಲ್ಲವರು ಬೆರಳೆಣಿಕೆಯಷ್ಟು, ಅವರಲ್ಲಿ ಅಮೆರಿಕದಲ್ಲಿ ಕಲಿತು ಬಂದವರೇ ಮುಖ್ಯರು. ಪರೀಕ್ಷಕರಾಗಿ ಕರೆಯಲು ನೆರೆಯ ವಿಶ್ವವಿದ್ಯಾನಿಲಯಗಳಲ್ಲಿ ಅದೇ ವಿಷಯ ಓದಿದವರು ಸಿಗುವುದೇ ಕಷ್ಟ. ಹೀಗಿರುವಾಗ ಒಂದು ರಾಜ್ಯ ವಿಶ್ವವಿದ್ಯಾನಿಲಯ ಪಠ್ಯಕ್ರಮ ಒಪ್ಪಿ, ಪರೀಕ್ಷೆ ನಡೆಸಿ, ಪದವಿಯ ಹೊಣೆ ಹೊತ್ತದ್ದು ಸಣ್ಣ ಧೈರ್ಯವೇನಲ್ಲ.

ಜಾಗವೂ ಕೂಡಿ ಬಂತು. ಕುವೆಂಪು ಅವರು ಕುಲಪತಿಗಳಾಗಿದ್ದಾಗ ಹೆಸರಿಟ್ಟ ಮಾನಸಗಂಗೋತ್ರಿ ಆಗಿನ್ನೂ ಎಳೆಯ ಆವರಣ. 1969ರಲ್ಲಿ ಮೈಸೂರಿನಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನವೂ ಅಲ್ಲಿಗೆ ಬಂತು. ಧ್ವನಿವಿಜ್ಞಾನ, ಭಾಷಾವಿಜ್ಞಾನ ಬಲ್ಲವರು ನಡೆದು ಹೋಗುವಷ್ಟು ದೂರದಲ್ಲಿ ಸಿಕ್ಕರು. ಆಸ್ಪತ್ರೆಯ ಅನುಭವಕ್ಕೆ 1924ರಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜು ಊರಿನಲ್ಲೇ ಇತ್ತು. ಈ ವಿದ್ಯೆಗೆ ಬೇಕಾದ್ದು ಇಂಥ ನೆರೆಹೊರೆಯೇ. ಸ್ಪೀಚ್ ಅಂಡ್ ಹಿಯರಿಂಗ್ ಓದುವ ಹುಡುಗಿ ಒಂದೇ ವರ್ಷದಲ್ಲಿ ಕಿವಿಯ ಅಂಗರಚನೆ, ಶಬ್ದದ ಭೌತವಿಜ್ಞಾನ, ಮಗುವಿನ ಮನೋವಿಜ್ಞಾನ, ಭಾಷಾವಿಜ್ಞಾನ, ಸ್ವಲ್ಪ ಎಲೆಕ್ಟ್ರಾನಿಕ್ಸ್ ಎಲ್ಲವನ್ನೂ ಓದಬೇಕು. ಬೆಳಿಗ್ಗೆ ಡೆಸಿಬೆಲ್ ಲೆಕ್ಕ ಮಾಡಿದವಳು ಮಧ್ಯಾಹ್ನ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಮಗುವೊಂದರ ಮಾತನ್ನು ಬರೆದುಕೊಳ್ಳಬೇಕು. ವಿಜ್ಞಾನ, ಕಲೆ ಎಂದು ನಾವು ಕಾಲೇಜುಗಳಲ್ಲಿ ಎಳೆದಿರುವ ಗೆರೆ ಇಲ್ಲಿ ಮೊದಲ ವಾರವೇ ಅಳಿಸಿಹೋಗುತ್ತದೆ.

ಇನ್ನು ಕ್ಲಿನಿಕ್ಕಿನ ಒಳಗೆ ಬರೋಣ, ಈ ಸಂಸ್ಥೆಯ ನಿಜವಾದ ಚರಿತ್ರೆ ನಡೆದದ್ದು ಅಲ್ಲಿ.

ಶ್ರವಣ ಪರೀಕ್ಷೆ ನಡೆಯುವುದು ಗಾಜಿನ ಕಿಟಕಿಯೊಂದರ ಎರಡು ಬದಿಗೆ. ಒಳಗಿನ ಕೋಣೆಗೆ ಹೊರಗಿನ ಸದ್ದು ಬಾರದ ಹಾಗೆ ಗೋಡೆ, ಬಾಗಿಲು ಎಲ್ಲವನ್ನೂ ದಪ್ಪನಾಗಿ ಕಟ್ಟಿರುತ್ತಾರೆ. ರೋಗಿಯ ಕಿವಿಗೆ ಹೆಡ್‌ಫೋನ್ ಹಾಕಿ, ‘ಎಷ್ಟು ಸಣ್ಣಗೆ ಕೇಳಿಸಿದ್ರೂ ಪರವಾಗಿಲ್ಲ, ಕೇಳಿಸಿದ ತಕ್ಷಣ ಕೈ ಎತ್ತಿ’ ಎಂದು ಹೇಳಿ ಬಾಗಿಲು ಹಾಕುತ್ತಾರೆ. ಹೊರಗೆ ಆಡಿಯೊಮೀಟರಿನ ಮುಂದೆ ಕೂತ ವಿದ್ಯಾರ್ಥಿ ಒಂದೊಂದೇ ಕಂಪನದ ಶಬ್ದ ಕಳಿಸುತ್ತಾನೆ: 250 ಹರ್ಟ್ಸ್‌ನಿಂದ 8,000 ಹರ್ಟ್ಸ್‌ವರೆಗೆ. ಕೈ ಎದ್ದರೆ 10 ಡೆಸಿಬೆಲ್ ಇಳಿಸುವುದು, ಏಳದಿದ್ದರೆ 5 ಏರಿಸುವುದು. ಕೊನೆಗೆ ಕೇಳಿಸುವ ಅಂಚು ಸಿಕ್ಕಾಗ ಹಾಳೆಯ ಮೇಲೆ ಗುರುತು: ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಕೈ ಎತ್ತಲು ಒಪ್ಪದ ಮೂರು ವರ್ಷದ ಮಗುವಾದರೆ ಕೈಗೆ ಒಂದು ಮರದ ತುಂಡು ಕೊಟ್ಟು, ಶಬ್ದ ಕೇಳಿಸಿದಾಗೆಲ್ಲ ಡಬ್ಬಿಗೆ ಹಾಕುವ ಆಟ ಕಲಿಸಬೇಕು. ಆಟ ಕಲಿಸುವುದಕ್ಕೇ ಅರ್ಧ ಬೆಳಗು ಹೋಗುವುದುಂಟು.

ಇಷ್ಟರಮಟ್ಟಿಗೆ ಯಂತ್ರ ಸಾಕು, ಯಂತ್ರವನ್ನು ಹೊರದೇಶದಿಂದ ತರಿಸಬಹುದು. ಆದರೆ ಕಿವಿ ಮಂದವಾದವರು ಹೇಳಿಕೊಳ್ಳುವ ತೊಂದರೆ ಬೇರೆ. ‘ಕೇಳ್ಸುತ್ತೆ, ಆದ್ರೆ ಏನಂದ್ರು ಅಂತ ಗೊತ್ತಾಗಲ್ಲ’ ಎನ್ನುತ್ತಾರೆ. ಬೀಪ್ ಶಬ್ದ ಕೇಳಿಸಿದ ಮಾತ್ರಕ್ಕೆ ಮಾತು ತಿಳಿಯಿತು ಎಂದಲ್ಲ. ಮಾತು ಎಷ್ಟು ತಿಳಿಯುತ್ತದೆ ಎಂದು ಅಳೆಯಲು ಪದಗಳನ್ನು ಹೇಳಿ, ತಿರುಗಿ ಹೇಳಿಸಬೇಕು. ಅಮೆರಿಕದಿಂದ ಬಂದ ಪಟ್ಟಿಯಲ್ಲಿದ್ದ ಪದಗಳು ಬೇಸ್‌ಬಾಲ್, ಹಾಟ್‌ಡಾಗ್, ಕೌಬಾಯ್. ನಂಜನಗೂಡಿನ ರೈತನಿಗೆ ಅವನ್ನು ಹೇಳಿ, ಅವನು ತಪ್ಪಿದರೆ ಅದು ಕಿವಿಯ ದೋಷವೆಂದು ಬರೆಯಲು ಬರುತ್ತದೆಯೆ? ಇನ್ನೊಂದು ಪಟ್ಟಿಯಲ್ಲಿದ್ದವು ಇಂಗ್ಲಿಷಿನ ಒಂದೇ ಉಸಿರಿನ, ವ್ಯಂಜನದಲ್ಲಿ ಮುಗಿಯುವ ಪದಗಳು. ಕನ್ನಡದ ಪದ ಸಾಮಾನ್ಯವಾಗಿ ಎರಡು, ಮೂರು ಅಕ್ಷರ ನಡೆದು ಸ್ವರದಲ್ಲಿ ನಿಲ್ಲುತ್ತದೆ. ಹಾಗಾಗಿ ಪಟ್ಟಿಯನ್ನು ಅನುವಾದ ಮಾಡಿದರೂ ಪ್ರಯೋಜನವಿಲ್ಲ. ಕನ್ನಡದಲ್ಲಿ ಯಾವ ಧ್ವನಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿ, ಅದೇ ಪ್ರಮಾಣದಲ್ಲಿ ಧ್ವನಿಗಳು ಬರುವಂತೆ, ಎಲ್ಲರಿಗೂ ಗೊತ್ತಿರುವ ಪದಗಳನ್ನೇ ಆರಿಸಿ, ಸಮ ಏರಿಳಿತದಲ್ಲಿ ಧ್ವನಿಮುದ್ರಿಸಿ, ಕಿವಿ ಚೆನ್ನಾಗಿರುವ ನೂರಾರು ಜನರ ಮೇಲೆ ಪರೀಕ್ಷಿಸಿ ನೋಡಿದ ಮೇಲೆ ಅದೊಂದು ಪಟ್ಟಿಯಾಗುತ್ತದೆ.

ಈ ಕೆಲಸವನ್ನು ಬಹುಪಾಲು ಮಾಡಿದವರು ವಿದ್ಯಾರ್ಥಿಗಳು. ಎಂ.ಎಸ್ಸಿ. ಪದವಿಗೆ ಪ್ರತಿಯೊಬ್ಬರೂ ಒಂದು ಸಂಶೋಧನ ಪ್ರಬಂಧ ಬರೆದು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಬೇಕೆಂಬ ನಿಯಮ ಮೊದಲಿನಿಂದ ಇದೆ. ಸಂಸ್ಥೆಯ ಗ್ರಂಥಾಲಯದಲ್ಲಿ ಕಟ್ಟಿಟ್ಟ ಆ ಪ್ರಬಂಧಗಳ ಬೆನ್ನಿನ ಮೇಲಿನ ಶೀರ್ಷಿಕೆಗಳನ್ನು ಓದುತ್ತ ಹೋದರೆ ಒಂದು ನುಡಿಯ ಶ್ರವಣವಿಜ್ಞಾನ ವರ್ಷದಿಂದ ವರ್ಷಕ್ಕೆ ಕಟ್ಟಿಕೊಳ್ಳುವುದು ಕಾಣುತ್ತದೆ. 1972ರಲ್ಲಿ ಭಾರತೀಯರಿಗೆ ಹೊಂದುವ ಇಂಗ್ಲಿಷ್ ಪದಸಾಮಗ್ರಿ. 1973ರಲ್ಲಿ ಕನ್ನಡದಲ್ಲಿ ಕೃತಕ ವಾಕ್ಯಗಳಿಂದ ಮಾತಿನ ಗ್ರಹಿಕೆ ಅಳೆಯುವ ಪರೀಕ್ಷೆ. 1974ರಲ್ಲಿ ಭಾರತೀಯ ಭಾಷಿಕರಿಗೆಲ್ಲ ಸಾಮಾನ್ಯವಾಗಿ ಬಳಸಬಹುದಾದ ಒಂದು ಪರೀಕ್ಷೆ. 1976ರಲ್ಲಿ ದೊಡ್ಡವರಿಗೂ ಮಕ್ಕಳಿಗೂ ಕನ್ನಡದಲ್ಲಿ ಚಿತ್ರ ತೋರಿಸಿ ಮಾಡುವ ಪರೀಕ್ಷೆ. ಪದ ಕೇಳಿದ ಮಗು ಬಾಯಿಬಿಟ್ಟು ಹೇಳಬೇಕಿಲ್ಲ, ಸರಿಯಾದ ಚಿತ್ರಕ್ಕೆ ಬೆರಳು ಇಟ್ಟರೆ ಸಾಕು. ಮಾತು ಬಾರದ ಮಗುವಿನ ಕಿವಿಯನ್ನು ಮಾತಿನಿಂದಲೇ ಅಳೆಯಲು ಇದು ದಾರಿ ಮಾಡಿತು. ಮುಂದೆ 2005ರಲ್ಲಿ ಆಶಾ ಯತಿರಾಜ್ ಮತ್ತು ಸಹೋದ್ಯೋಗಿಗಳು ಎರಡಕ್ಷರದ ಕನ್ನಡ ಪದಗಳ ಸಮತೋಲಿತ ಪಟ್ಟಿ ಸಿದ್ಧಪಡಿಸಿದರು. ಕನ್ನಡ ಶ್ರವಣ ಸಂಶೋಧನೆಯಲ್ಲಿ ಅದನ್ನು ಇಂದೂ ಬಳಸುತ್ತಿದ್ದಾರೆ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗ ಹುಡುಗಿಯರು ಪದವಿಗಾಗಿ ಮಾಡಿದ ಕೆಲಸ ಹೀಗೆ ರೋಗಿಯ ಎದುರಿಗೆ ಸಾಧನವಾಗಿ ಬಂದು ನಿಂತಿರುವುದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬೇರೆಲ್ಲಿ ಇಷ್ಟು ಸ್ಪಷ್ಟವಾಗಿ ಸಿಕ್ಕೀತೋ ನಾನು ಕಾಣೆ.

ಸಂಸ್ಥೆಯ ವಾರ್ಷಿಕ ಜರ್ನಲ್ 1970ರಲ್ಲಿ ಆರಂಭವಾಯಿತು. ಬಾಬು, ರತ್ನ ಮತ್ತು ಬೆಟಗೇರಿ ಅವರ ಕನ್ನಡ ಉಚ್ಚಾರಣಾ ಪರೀಕ್ಷೆ ಅದರಲ್ಲೇ ಪ್ರಕಟವಾದದ್ದು 1972ರಲ್ಲಿ. ಎನ್. ರತ್ನ ಅವರು ಮುಂದೆ ಸಂಸ್ಥೆಯ ನಿರ್ದೇಶಕರೂ ಆದರು. ಚಿತ್ರ ತೋರಿಸಿ ಮಗುವಿನಿಂದ ಹೆಸರು ಹೇಳಿಸಿ, ಯಾವ ಧ್ವನಿಯನ್ನು ಹೇಗೆ ಉಚ್ಚರಿಸುತ್ತದೆ ಎಂದು ಗುರುತಿಸುವ ಪರೀಕ್ಷೆ ಅದು. ಸರಳವೆನಿಸುತ್ತದೆ. ಮಾಡಲು ಕೂತರೆ ಕನ್ನಡ ಎದುರು ನಿಲ್ಲುತ್ತದೆ. ‘ಕತ್ತೆ’ಯನ್ನು ‘ತತ್ತೆ’ ಎನ್ನುವ, ‘ಗಾಡಿ’ಯನ್ನು ‘ದಾಡಿ’ ಎನ್ನುವ ಎರಡೂವರೆ ವರ್ಷದ ಮಗುವಿನ ಬಗ್ಗೆ ಆತಂಕ ಬೇಡ. ಅದೇ ಮಗು ಆರು ವರ್ಷಕ್ಕೂ ಹಾಗೇ ಹೇಳಿದರೆ ಚಿಕಿತ್ಸೆ ಬೇಕು. ‘ರ’ ತಡವಾಗಿ ಬರುತ್ತದೆ. ಇನ್ನು ಮಂಡ್ಯದ ಕಡೆಯ ಹಳ್ಳಿಯ ಮಗು ಹಾಲಿನ ಚಿತ್ರ ನೋಡಿ ‘ಆಲು’ ಎಂದರೆ? ಪುಸ್ತಕ ನೋಡಿ ಕಲಿತವನು ಹಕಾರ ಲೋಪ ಎಂದು ತಪ್ಪು ಹಾಕಿಬಿಡುತ್ತಾನೆ. ಆ ಮಗುವಿನ ಅಮ್ಮನೂ ಅಜ್ಜಿಯೂ ‘ಆಲು’ ಎಂದೇ ಹೇಳುತ್ತಾರೆ, ಊರೇ ಹೇಳುತ್ತದೆ. ಅಲ್ಲಿ ದೋಷವೇ ಇಲ್ಲ. ‘ಳ’ ಮತ್ತು ‘ಲ’, ‘ಶ’ ಮತ್ತು ‘ಸ’ ಇವುಗಳ ಕತೆಯೂ ಹೀಗೇ. ಮಗುವನ್ನು ಕೇಳುವ ಮುಂಚೆ ಮಗುವಿನ ಮನೆಯ ಮಾತನ್ನು ಕೇಳಿಸಿಕೊಳ್ಳಬೇಕು ಎಂಬ ಪಾಠವನ್ನು ಇಲ್ಲಿಯ ಹಿರಿಯ ಅಧ್ಯಾಪಕರು ಮತ್ತೆ ಮತ್ತೆ ಹೇಳಿಕೊಟ್ಟರು. ಇಡೀ ಪಠ್ಯಕ್ರಮದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಇದೇ.

ಮೆದುಳಿಗೆ ರಕ್ತ ಕಟ್ಟಿ ಮಾತು ಹೋದವರ ವಿಷಯದಲ್ಲಿ ಇದು ಇನ್ನೂ ಆಳಕ್ಕೆ ಇಳಿಯುತ್ತದೆ. ಇಂಗ್ಲಿಷಿನ ರೋಗಿ ಸಣ್ಣ ಸಣ್ಣ ಪದಗಳನ್ನು ಬಿಟ್ಟು ತಂತಿ ಸಂದೇಶದ ಹಾಗೆ ಮಾತಾಡುತ್ತಾನೆ ಎಂದು ಪುಸ್ತಕ ಹೇಳುತ್ತದೆ. ಕನ್ನಡದಲ್ಲಿ ಆ ಕೆಲಸವನ್ನೆಲ್ಲ ಪದದ ಬಾಲಕ್ಕೆ ಅಂಟಿದ ಪ್ರತ್ಯಯಗಳು ಮಾಡುತ್ತವೆ. ‘ಮನೆಯಿಂದ’, ‘ಮನೆಗೆ’, ‘ಮನೆಯಲ್ಲಿ’ ಇವುಗಳಲ್ಲಿ ರೋಗಿ ಯಾವುದನ್ನು ಕಳೆದುಕೊಂಡಿದ್ದಾನೆ, ‘ಬಂದಳು’ ಎನ್ನಬೇಕಾದಲ್ಲಿ ‘ಬಂದನು’ ಎಂದರೆ ಅವನಿಗೆ ಗೊತ್ತಾಗುತ್ತದೆಯೆ, ಇದನ್ನು ಅಳೆಯುವ ಪರೀಕ್ಷೆಯನ್ನು ಕನ್ನಡದ ವ್ಯಾಕರಣದಿಂದಲೇ ಕಟ್ಟಬೇಕು. ಪ್ರತಿಭಾ ಕಾರಂತ್ ಅವರು 1980ರಲ್ಲಿ ರೂಪಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಆ ಕೆಲಸ ಮಾಡಿತು. ಧ್ವನಿ, ವಾಕ್ಯರಚನೆ, ಅರ್ಥ ಈ ಮೂರು ಹಂತಗಳಲ್ಲಿ ಅದು ಕನ್ನಡಿಗನ ಭಾಷೆಯನ್ನು ಪರಿಶೀಲಿಸುತ್ತದೆ. ಬೇರೆ ಭಾರತೀಯ ಭಾಷೆಗಳಲ್ಲೂ ಇದೇ ಮಾದರಿಯ ಪರೀಕ್ಷೆಗಳು ಬಂದವು. ಮೈಸೂರಿನಲ್ಲಿ ಕನ್ನಡಕ್ಕೆಂದು ಕಟ್ಟಿದ್ದು ಹೊರಗೆ ಹೋಗಿ ಉಳಿದ ನುಡಿಗಳಿಗೂ ಅಚ್ಚಾಯಿತು.

ಹೊರರಾಜ್ಯದ ವಿದ್ಯಾರ್ಥಿಗಳ ಕನ್ನಡದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಪ್ರವೇಶ ಪರೀಕ್ಷೆ ಅಖಿಲ ಭಾರತ ಮಟ್ಟದ್ದು. ಕನ್ನಡದ ಒಂದಕ್ಷರ ಬಾರದವರು ಮೊದಲ ವರ್ಷಕ್ಕೆ ಬಂದು ಸೇರುತ್ತಾರೆ. ಕ್ಲಿನಿಕ್ಕಿಗೆ ಇಳಿದ ಮೇಲೆ ಅವರಿಗೆ ಬೇರೆ ದಾರಿಯಿಲ್ಲ. ‘ಕೂತ್ಕೊಳ್ಳಿ’, ‘ಕೇಳಿಸ್ತಾ?’, ‘ಯಾವ ಕಿವಿ?’, ‘ಎಷ್ಟು ದಿನದಿಂದ?’ ಇಷ್ಟರಿಂದ ಆರಂಭವಾಗುತ್ತದೆ. ಆಮೇಲೆ ಮಗುವಿನ ಚರಿತ್ರೆ ಬರೆದುಕೊಳ್ಳುವ ಕೆಲಸ. ಹೆರಿಗೆ ಎಲ್ಲಾಯಿತು, ಹುಟ್ಟಿದ ತಕ್ಷಣ ಅತ್ತಿತೆ, ಕಾಮಾಲೆ ಬಂದಿತ್ತೆ, ಪಾತ್ರೆ ಬಿದ್ದರೆ ಬೆಚ್ಚುತ್ತದೆಯೆ, ಬೆನ್ನ ಹಿಂದೆ ನಿಂತು ಕರೆದರೆ ತಿರುಗುತ್ತದೆಯೆ. ತಂದೆತಾಯಿ ರಕ್ತಸಂಬಂಧಿಗಳೇ ಎಂಬ ಪ್ರಶ್ನೆ ನಮ್ಮ ಕಡೆ ತಪ್ಪದೆ ಕೇಳಬೇಕಾದ್ದು. ಸೋದರಮಾವನನ್ನೇ ಮದುವೆಯಾದ ತಾಯಂದಿರು ಇಂದಿಗೂ ಬರುತ್ತಾರೆ. ಹತ್ತಿರದ ಸಂಬಂಧದ ಮದುವೆಯಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು. ಅದನ್ನು ಕೇಳುವ ರೀತಿ ಒಂದಿದೆ. ಒರಟಾಗಿ ಕೇಳಿದರೆ ತಾಯಿ ತನ್ನದೇ ತಪ್ಪೆಂದು ತಲೆ ತಗ್ಗಿಸುತ್ತಾಳೆ, ಮುಂದಿನ ವಾರ ಬರುವುದಿಲ್ಲ. ‘ನಿಮ್ಮ ಯಜಮಾನ್ರು ನಿಮಗೆ ಮೊದಲಿಂದ್ಲೂ ಸಂಬಂಧನಾ ಅಮ್ಮಾ?’ ಎಂದು ಮೆತ್ತಗೆ ಕೇಳಲು ಕಲಿತ ಮಲಯಾಳಿ ಹುಡುಗಿ, ಆ ಒಂದು ವಾಕ್ಯದ ಹಿಂದೆ ಇಡೀ ಒಂದು ಸಮಾಜವನ್ನೇ ಕಲಿತಿರುತ್ತಾಳೆ.

ಎದುರಿನಿಂದ ಬರುವ ಉತ್ತರವೂ ಬಹಳ ಸಲ ಒಂದೇ. ‘ಇವರಪ್ಪಂಗೂ ಮಾತು ಲೇಟಾಗೇ ಬಂದಿದ್ದು ಮೇಡಂ, ಬರುತ್ತೆ ಅಂತ ಎಲ್ಲಾರೂ ಅಂದ್ರು, ಅದಕ್ಕೇ ಕಾದ್ವಿ.’ ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳಿದ ಈ ಸಮಾಧಾನದ ಮಾತಿನಲ್ಲಿ ಮಗುವಿನ ಮೂರು ವರ್ಷ ಕಳೆದುಹೋಗಿರುತ್ತದೆ. ಮಾತು ಕಲಿಯುವ ಮೆದುಳಿನ ಒಳ್ಳೆಯ ಕಾಲವೇ ಆ ಮೂರು ವರ್ಷ. ಹುಟ್ಟಿದ ಕೂಸಿನ ಕಿವಿಯನ್ನೂ ಪರೀಕ್ಷಿಸುವ ಸಣ್ಣ ಯಂತ್ರಗಳು ಈಗ ಬಂದಿವೆ. ಕಿವಿಯೊಳಗೆ ಸಣ್ಣ ಸದ್ದು ಕಳಿಸಿ, ಒಳಗಿವಿಯಿಂದ ಮರಳುವ ಮಾರ್ದನಿಯನ್ನು ಅವು ಹಿಡಿಯುತ್ತವೆ. ಮಗು ನಿದ್ದೆ ಮಾಡುತ್ತಿದ್ದರೆ ಇನ್ನೂ ಒಳ್ಳೆಯದು. ಸಂಸ್ಥೆಯವರು ಹೆರಿಗೆ ಆಸ್ಪತ್ರೆಗಳಿಗೆ ಹೋಗಿ ಈ ತಪಾಸಣೆ ಮಾಡುತ್ತ ಬಂದಿದ್ದಾರೆ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಯಳಂದೂರು ತಾಲ್ಲೂಕಿನ ಗುಂಬಳ್ಳಿ, ಇಂಥ ಊರುಗಳಲ್ಲಿ ಹೊರಸೇವಾ ಕೇಂದ್ರಗಳನ್ನು ತೆರೆದರು. ಶಿಬಿರದ ದಿನ ವ್ಯಾನಿನಲ್ಲಿ ಯಂತ್ರ ತುಂಬಿಕೊಂಡು ಹೊರಟ ವಿದ್ಯಾರ್ಥಿಗಳು, ಶಾಲೆಯ ಒಂದು ಕೋಣೆಯ ಕಿಟಕಿಗಳಿಗೆ ಹೊದಿಕೆ ಕಟ್ಟಿ, ಆದಷ್ಟು ಸದ್ದಡಗಿಸಿಕೊಂಡು ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ. ಸದ್ದೇ ಇಲ್ಲದ ಕೋಣೆಯಲ್ಲಿ ಕಲಿತದ್ದನ್ನು ಸಂತೆ ದಿನದ ಗದ್ದಲದಲ್ಲಿ ಮಾಡಿ ತೋರಿಸುವುದು ಪರೀಕ್ಷೆಗಿಂತ ದೊಡ್ಡ ಪರೀಕ್ಷೆ.

ಯಂತ್ರ ಹಾಕುವ ಕೆಲಸದಲ್ಲೂ ಕುಶಲಗಾರಿಕೆ ಇದೆ. 1970ರ ದಶಕದಲ್ಲಿ ಶ್ರವಣಯಂತ್ರವೆಂದರೆ ಅಂಗಿಯ ಜೇಬಿನಲ್ಲಿ ಒಂದು ಡಬ್ಬಿ, ಅದರಿಂದ ಕಿವಿಗೆ ಒಂದು ತಂತಿ. ಮಗುವಿಗಾದರೆ ಎದೆಯ ಮೇಲೆ ಬಟ್ಟೆಯ ಚೀಲ ಹೊಲಿದು ಕಟ್ಟಬೇಕಿತ್ತು. ಈಗ ಕಿವಿಯ ಹಿಂದೆ ಕೂರುತ್ತದೆ. ಯಾವ ಕಾಲದ ಯಂತ್ರವಾದರೂ ಕಿವಿಗೆ ಸರಿಯಾಗಿ ಕೂರುವ ಅಚ್ಚು ಬೇಕು, ಇಲ್ಲವಾದರೆ ಸಂದಿಯಿಂದ ಸದ್ದು ಸೋರಿ ಕೀಂಯ್ ಎಂದು ಕೂಗುತ್ತದೆ. ಅಚ್ಚು ತೆಗೆಯುವವರು ಮೊದಲು ಕಿವಿಯೊಳಗೆ ದೀಪ ಹಾಕಿ ನೋಡಿ, ದಾರ ಕಟ್ಟಿದ ಹತ್ತಿಯ ಸಣ್ಣ ಉಂಡೆಯನ್ನು ಒಳಕ್ಕೆ ಇಟ್ಟು ತಮಟೆಯನ್ನು ಕಾಪಾಡಿಕೊಳ್ಳುತ್ತಾರೆ. ಆಮೇಲೆ ಮೆದು ಹಿಟ್ಟಿನಂಥ ವಸ್ತುವನ್ನು ಸಿರಿಂಜಿನಿಂದ ತುಂಬಿ, ಗಟ್ಟಿಯಾಗುವವರೆಗೆ ಮಗುವನ್ನು ಮಾತಿನಲ್ಲಿ ಮರೆಸಿ ಕೂರಿಸುತ್ತಾರೆ. ಹೊರಬಂದ ಅಚ್ಚಿನಲ್ಲಿ ಕಿವಿಯ ಒಂದೊಂದು ಮಡಿಕೆಯೂ ಮೂಡಿರುತ್ತದೆ. ಅದರಿಂದ ಗಟ್ಟಿ ಅಚ್ಚು ಮಾಡಿ, ಉಜ್ಜಿ, ಅಂಚು ನಯಮಾಡಿ ಕೊಡುವವರಿಗೆಂದೇ ಇಲ್ಲಿ ಡಿಪ್ಲೊಮಾ ಇದೆ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಮತ್ತೆ ಮತ್ತೆ ಮಾಡಬೇಕು. ಪದವಿ ಪತ್ರಗಳ ಗೌರವದ ನಡುವೆ ಈ ಡಿಪ್ಲೊಮಾದವರ ಹೆಸರು ಸ್ಮರಣ ಸಂಚಿಕೆಗಳಲ್ಲಿ ಬರುವುದು ಕಡಿಮೆ. ಅವರ ಕೈಕೆಲಸ ಸರಿಯಿಲ್ಲದಿದ್ದರೆ ಲಕ್ಷ ರೂಪಾಯಿಯ ಯಂತ್ರವೂ ಮೂಲೆ ಸೇರುತ್ತದೆ.

ತಾಯಂದಿರ ಬಗ್ಗೆ ಬರೆಯದೆ ಈ ಚರಿತ್ರೆ ಪೂರ್ತಿಯಾಗದು. ಶ್ರವಣದೋಷವಿರುವ ಮಕ್ಕಳ ಪೂರ್ವಪ್ರಾಥಮಿಕ ತರಬೇತಿಯಲ್ಲಿ ಮಗುವಿನ ಪಕ್ಕ ತಾಯಿಯೂ ಕೂತು ಕಲಿಯುತ್ತಾಳೆ. ವಾರಕ್ಕೆ ಎರಡು ಗಂಟೆಯ ಚಿಕಿತ್ಸೆಯಿಂದ ಮಾತು ಬರುವುದಿಲ್ಲ. ಬೆಳಗಿನ ಸ್ನಾನದಿಂದ ರಾತ್ರಿಯ ಊಟದವರೆಗೆ ಮಗುವಿನ ಜೊತೆ ಮಾತಾಡುತ್ತಲೇ ಇರಬೇಕು. ‘ನೀರು. ಬಿಸಿ ನೀರು. ಬಿಸಿ ನೀರು ಹಾಕ್ಲಾ? ತಲೆಗೆ ಹಾಕ್ಲಾ?’ ಹೀಗೆ ಒಂದೇ ಪದವನ್ನು ಹತ್ತು ಕಡೆ ಇಟ್ಟು ಹೇಳುವುದನ್ನು ತಾಯಿಗೆ ಕಲಿಸುತ್ತಾರೆ. ಇದಕ್ಕಾಗಿ ಊರು ಬಿಟ್ಟು, ಮೈಸೂರಿನಲ್ಲಿ ಸಣ್ಣ ಕೋಣೆ ಬಾಡಿಗೆಗೆ ಹಿಡಿದು ಎರಡು ಮೂರು ವರ್ಷ ಉಳಿದ ತಾಯಂದಿರಿದ್ದಾರೆ. ಗಂಡ ಊರಿನಲ್ಲಿ ಜಮೀನು ನೋಡಿಕೊಂಡು ಶನಿವಾರ ಬಸ್ಸು ಹತ್ತಿ ಬರುತ್ತಾನೆ. ವಿದ್ಯಾರ್ಥಿ ಪುಸ್ತಕದಲ್ಲಿ ಓದಿದ ಭಾಷಾ ಕಲಿಕೆಯ ಸಿದ್ಧಾಂತವನ್ನು ಈ ತಾಯಂದಿರು ಪ್ರತಿದಿನ ದುಡಿದು ನಿಜ ಮಾಡಿದರು. ಪ್ರತಿಯೊಂದು ಬ್ಯಾಚಿನ ಪದವಿಯಲ್ಲೂ ಅವರ ಪಾಲಿದೆ.

ಕಾಯಿದೆ ಕಾನೂನುಗಳ ಕಡೆಗೆ ಬಂದರೆ, 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ಈ ವೃತ್ತಿಗೆ ಗಡಿ ಹಾಕಿತು. ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ವೃತ್ತಿ ಮಾಡಬೇಕು, ಪಠ್ಯಕ್ರಮ ಅದು ಹೇಳಿದ ಹಾಗಿರಬೇಕು. ಹಳೆಯ ಬಿ.ಎಸ್ಸಿ. ಈಗ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಬಿ.ಎ.ಎಸ್.ಎಲ್.ಪಿ. ಆಗಿದೆ. ಒಂದೇ ಆಗಿದ್ದ ಎಂ.ಎಸ್ಸಿ. ಆಡಿಯಾಲಜಿ ಮತ್ತು ಸ್ಪೀಚ್-ಲ್ಯಾಂಗ್ವೇಜ್ ಪ್ಯಾಥಾಲಜಿ ಎಂದು ಎರಡಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾತು ಮತ್ತು ಭಾಷೆಯ ದೋಷವನ್ನು ತನ್ನ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿತು. ಇದರಿಂದ ಪ್ರಮಾಣಪತ್ರಕ್ಕಾಗಿ ಬರುವವರ ಸಾಲು ಉದ್ದವಾಯಿತು. 2007ರಲ್ಲಿ ಕೇಂದ್ರ ಸರ್ಕಾರ ಕಿವುಡುತನ ತಡೆಯ ರಾಷ್ಟ್ರೀಯ ಕಾರ್ಯಕ್ರಮವನ್ನು 25 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದಾಗ ಜಿಲ್ಲಾ ಆಸ್ಪತ್ರೆಗಳಿಗೆ ಸಹಾಯಕರು ಬೇಕಾದರು. ಅವರಿಗಾಗಿ ಮೈಸೂರಿನಿಂದ ದೂರದ ಕೇಂದ್ರಗಳಿಗೆ ವೀಡಿಯೊ ಮೂಲಕ ಪಾಠ ಹೇಳುವ ಡಿಪ್ಲೊಮಾ ಬಂತು. ಕೊರೊನಾ ಕಾಲದಲ್ಲಿ ನಾಡೆಲ್ಲ ಪರದೆಯ ಮುಂದೆ ಕೂತು ಪಾಠ ಕೇಳಿದ್ದಕ್ಕಿಂತ ಹತ್ತು ವರ್ಷಕ್ಕೂ ಮುಂಚಿನ ಮಾತಿದು.

ಕಲಿತು ಹೋದವರು ಎಲ್ಲಿದ್ದಾರೆ? ಬೆಂಗಳೂರು, ಮಂಗಳೂರು, ಮಣಿಪಾಲ, ಚೆನ್ನೈ, ಮುಂಬಯಿ, ಎಲ್ಲ ಕಡೆ ಈ ವಿಷಯದ ಕಾಲೇಜುಗಳು ಎದ್ದಾಗ ಪಾಠ ಹೇಳಲು ನಿಂತವರಲ್ಲಿ ಮೈಸೂರಿನ ಪದವೀಧರರು ಬಹಳ. ವಿಷಯವೊಂದು ದೇಶದಲ್ಲಿ ಹರಡುವುದೆಂದರೆ ಹೀಗೆ, ಮೇಷ್ಟ್ರುಗಳ ಮೂಲಕ. ದೊಡ್ಡ ಸಂಖ್ಯೆಯಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಸಿಂಗಪುರಕ್ಕೆ ಹೋದದ್ದೂ ನಿಜ. ಅಲ್ಲಿ ಅವರು ಒಳ್ಳೆಯ ಹೆಸರು ಮಾಡಿದ್ದಾರೆ, ಅಲ್ಲಿಯ ಕನ್ನಡ ಕುಟುಂಬಗಳ ಎರಡು ನುಡಿಯ ಮಕ್ಕಳಿಗೆ ಆಸರೆಯಾಗಿದ್ದಾರೆ. ಅವರನ್ನು ದೂರುವುದು ಸರಿಯಲ್ಲ. ಇಲ್ಲಿ ಅವರಿಗೆ ಹುದ್ದೆ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಶ್ರವಣತಜ್ಞರ ಕಾಯಂ ಹುದ್ದೆ ಇಂದಿಗೂ ಅಪರೂಪ. ನಾಡಿನ ತೆರಿಗೆ ಹಣದಲ್ಲಿ, ಕಡಿಮೆ ಶುಲ್ಕಕ್ಕೆ, ವಿದ್ಯಾರ್ಥಿವೇತನವನ್ನೂ ಕೊಟ್ಟು ಓದಿಸಿದ ಮೇಲೆ ಅವರನ್ನು ಕೂರಿಸಲು ಕುರ್ಚಿ ಮಾಡದೇ ಇದ್ದದ್ದು ಸರ್ಕಾರಗಳ ಲೋಪ. ‘ಪ್ಯಾರಾಮೆಡಿಕಲ್’ ಎಂಬ ಒಂದೇ ಚೀಲಕ್ಕೆ ಎಲ್ಲರನ್ನೂ ತುಂಬಿ, ಅವರು ವೈದ್ಯರ ಕೈಕೆಳಗಿನವರು ಎಂದು ನೋಡುವ ಅಭ್ಯಾಸವೂ ಇದಕ್ಕೆ ಕಾರಣ. ಕಿವಿಯ ಅಳತೆ, ಯಂತ್ರದ ಆಯ್ಕೆ, ಮಾತಿನ ಚಿಕಿತ್ಸೆ ಇವು ಆ ತಜ್ಞರದೇ ತೀರ್ಮಾನಗಳು, ಅದಕ್ಕಾಗಿಯೇ ಅವರು ವರ್ಷಗಟ್ಟಲೆ ಓದಿರುತ್ತಾರೆ.

ಮುಂದಿನ ಕೆಲಸದ ಬಗ್ಗೆ ಎರಡು ಬೇಡಿಕೆ ಇಡುತ್ತೇನೆ. ಮೊದಲನೆಯದು, ಮೈಸೂರು ಸೀಮೆಯ ಕನ್ನಡದ ಮೇಲೆ ಕಟ್ಟಿದ ಪರೀಕ್ಷೆಗಳನ್ನು ಬೀದರ, ವಿಜಯಪುರ, ಕಾರವಾರದ ಮಕ್ಕಳ ಮೇಲೆ ನೋಡಿ ಅಲ್ಲಿಯ ಮಾತಿಗೆ ತಕ್ಕ ಅಂಕಗಳನ್ನು ಗೊತ್ತುಪಡಿಸುವುದು. ‘ಹೋಗ್ಯಾನ’ ಎನ್ನುವ ಮಗುವಿನ ವ್ಯಾಕರಣವನ್ನು ‘ಹೋಗಿದ್ದಾನೆ’ಯ ಅಳತೆಗೋಲಿನಲ್ಲಿ ಅಳೆಯಬಾರದು. ಎರಡನೆಯದು, ಜೇನುಕುರುಬರು, ಸೋಲಿಗರು ಮನೆಯಲ್ಲಿ ಆಡುವ ಮಾತಿಗೆ ಈ ವಿದ್ಯೆಯನ್ನು ಕೊಂಡೊಯ್ಯುವುದು. ಹೆಗ್ಗಡದೇವನಕೋಟೆಯ ಹಾಡಿಗಳು ಮಾನಸಗಂಗೋತ್ರಿಯಿಂದ ಎರಡು ಗಂಟೆಯ ದಾರಿ, ಬಿಳಿಗಿರಿರಂಗನ ಬೆಟ್ಟವೂ ಹೆಚ್ಚು ದೂರವಿಲ್ಲ. ಅಲ್ಲಿಯ ಮಗುವೊಂದು ಇಲ್ಲಿ ಬಂದು ಕೂತಾಗ ಅದರ ಮುಂದೆ ಇಡಲು ಅದರ ಮನೆಯ ಪದಗಳ ಪಟ್ಟಿ, ಅದಕ್ಕೆ ಗೊತ್ತಿರುವ ವಸ್ತುಗಳ ಚಿತ್ರ ಇರಬೇಕು. ಭಾಷೆ ಬಲ್ಲವರು ಪಕ್ಕದ ಆವರಣದಲ್ಲಿದ್ದಾರೆ, ಹಾಡಿಗಳಿಂದ ಪದವಿ ಓದಿ ಬಂದ ಯುವಕ ಯುವತಿಯರು ಈಗ ಸಿಗುತ್ತಾರೆ, ಪ್ರಬಂಧಕ್ಕೆ ವಿಷಯ ಹುಡುಕುವ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರತಿವರ್ಷ ಬರುತ್ತಾರೆ. ಬರುವ ಜೂನಿನಲ್ಲೇ ಆರಂಭಿಸಬಹುದು.